ವಿಶ್ವಸಂಸ್ಥೆಯಲ್ಲಿ ವಿವಾದಿತ ನಾಯಕರ ಭಾಷಣ ಮತ್ತು ಜನರ ಪ್ರತಿಕ್ರಿಯೆ

ವಿವಾದಕ್ಕೆ ಗುರಿಯಾದ ಪರದೇಶದ ನಾಯಕನೊಬ್ಬ ಅಂತಾರಾಷ್ಟ್ರೀಯ ಸಭೆಯಲ್ಲಿ ಮಾತನಾಡಲು ಬಂದಾಗ ಸಭಾಂಗಣದ ಒಳಗೂ ಹೊರಗಿನ ಬೀದಿಗಳಲ್ಲೂ ಏಳುವ ಬೆಂಬಲ ಮತ್ತು ವಿರೋಧಗಳಿಗೆ ಸುಮಾರು ತೊಂಬತ್ತು ವರ್ಷಗಳ ಇತಿಹಾಸವಿದೆ. ಚಪ್ಪಾಳೆ, ಸೀಟಿ, ಸಭಾತ್ಯಾಗ, ಧಿಕ್ಕಾರದ ಮೆರವಣಿಗೆ, ಖಂಡನಾ ನಿರ್ಣಯ, ವೀಸಾ ನಿರಾಕರಣೆ ಇವು ಅದರ ಮುಖ್ಯ ರೂಪಗಳು. ಇವೆಲ್ಲವನ್ನೂ 'ಪ್ರತಿಭಟನೆ' ಎಂಬ ಒಂದೇ ಹೆಸರಿನಲ್ಲಿ ಸೇರಿಸಿ ಹೇಳುವುದು ರೂಢಿ. ಆದರೆ ಒಂದೊಂದರ ಪರಿಣಾಮವನ್ನು ನೋಡುತ್ತ ಹೋದರೆ ಎರಡು ಬಗೆಗಳು ಬೇರ್ಪಡುತ್ತವೆ: ಮಾತಿಗೆ ಉತ್ತರ ಕೊಡುವ ಪ್ರತಿಕ್ರಿಯೆ ಒಂದು, ಮಾತನ್ನೇ ತಡೆಯಹೊರಡುವ ಪ್ರತಿಕ್ರಿಯೆ ಇನ್ನೊಂದು. ಮೊದಲನೆಯದು ದಾಖಲೆಯಲ್ಲಿ ಉಳಿದು ಮುಂದಿನ ತೀರ್ಮಾನಗಳಿಗೆ ಆಧಾರವಾಗಿದೆ. ಎರಡನೆಯದು ಸಾಮಾನ್ಯವಾಗಿ ಯಾರ ಬಾಯಿ ಮುಚ್ಚಿಸಲು ಹೊರಟಿತೋ ಅವರನ್ನೇ ದೊಡ್ಡವರನ್ನಾಗಿ ಮಾಡಿದೆ.

ಜಿನೀವಾ, 1936

ಈ ಇತಿಹಾಸದ ಮೊದಲ ದೊಡ್ಡ ಘಟನೆ ನಡೆದದ್ದು ವಿಶ್ವಸಂಸ್ಥೆಗೂ ಹಿಂದಿನ ರಾಷ್ಟ್ರಸಂಘದಲ್ಲಿ. 1936ರ ಮೇ ತಿಂಗಳಲ್ಲಿ ಇಟಲಿಯ ಸೇನೆ ಆಡಿಸ್ ಅಬಾಬವನ್ನು ಹಿಡಿಯಿತು. ದೇಶ ಬಿಟ್ಟು ಹೊರಟಿದ್ದ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಜೂನ್ 30ರಂದು ಜಿನೀವಾದ ಸಭೆಯ ಮುಂದೆ ನಿಂತರು. ಮುಸೊಲಿನಿಯ ಸರ್ಕಾರದ ಲೆಕ್ಕದಲ್ಲಿ ಅವರು ಆಗ ಯಾವ ದೇಶದ ಅರಸರೂ ಅಲ್ಲ. ಅವರು ಬಾಯಿ ತೆರೆಯುವ ಮೊದಲೇ ಪತ್ರಕರ್ತರ ಗ್ಯಾಲರಿಯಲ್ಲಿದ್ದ ಇಟಲಿಯ ವರದಿಗಾರರು ಸೀಟಿ ಊದಿ, ಬೈಗುಳ ಕೂಗಿ ಗದ್ದಲವೆಬ್ಬಿಸಿದರು. ರುಮೇನಿಯದ ವಿದೇಶಾಂಗ ಸಚಿವ ನಿಕೊಲಾಯ್ ಟಿಟುಲೆಸ್ಕು ಎದ್ದು, ಆ ಅನಾಗರಿಕರನ್ನು ಹೊರಹಾಕಿ ಎಂದು ಕೂಗಿದರು. ಪೊಲೀಸರು ಗದ್ದಲ ಮಾಡಿದವರನ್ನು ಹೊರಗೆ ಕರೆದೊಯ್ದರು. ಅಷ್ಟರವರೆಗೆ ಅಲುಗದೆ ನಿಂತಿದ್ದ ಚಕ್ರವರ್ತಿ ಅಮ್ಹಾರಿಕ್ ಭಾಷೆಯಲ್ಲಿ ಮಾತು ಆರಂಭಿಸಿ, ವಿಮಾನಗಳಿಂದ ತಮ್ಮ ಜನರ ಮೇಲೆ ವಿಷಾನಿಲ ಸುರಿದುದನ್ನು ವಿವರಿಸಿದರು. ಅವರ ದನಿ ಅಡಗಿಸಲು ನಡೆದ ಗದ್ದಲವೇ ಆ ಭಾಷಣವನ್ನು ಲೋಕಕ್ಕೆಲ್ಲ ಸುದ್ದಿಯಾಗಿಸಿತು. ಆದರೂ ಜುಲೈ ತಿಂಗಳಲ್ಲಿ ರಾಷ್ಟ್ರಸಂಘ ಇಟಲಿಯ ಮೇಲಿನ ಆರ್ಥಿಕ ನಿರ್ಬಂಧಗಳನ್ನು ತೆಗೆದುಹಾಕಿತು. ಸಭೆಯ ಅನುಕಂಪ ಬೇರೆ, ಸಭೆಯ ಮತ ಬೇರೆ. ಭಾಷಣದ ದಿನದ ಸದ್ದಿನಿಂದ ಅದರ ಫಲವನ್ನು ಅಳೆಯುವವರು ಮುಂದೆಯೂ ಮತ್ತೆ ಮತ್ತೆ ಮೋಸಹೋಗಿದ್ದು ಈ ವ್ಯತ್ಯಾಸವನ್ನು ಮರೆತದ್ದರಿಂದಲೇ.

ನ್ಯೂಯಾರ್ಕಿನ ಬೀದಿಗಳು

ವಿಶ್ವಸಂಸ್ಥೆ ನ್ಯೂಯಾರ್ಕಿನಲ್ಲಿ ನೆಲೆಗೊಂಡಾಗ ಹೊಸ ತೊಡಕೊಂದು ಹುಟ್ಟಿತು. ಎಲ್ಲ ದೇಶಗಳಿಗೂ ಸೇರಿದ ಸಭೆ ಒಂದೇ ದೇಶದ ನೆಲದ ಮೇಲಿತ್ತು. ಅದಕ್ಕಾಗಿಯೇ 1947ರ ಜೂನ್ 26ರಂದು ಅಮೆರಿಕ ಮತ್ತು ವಿಶ್ವಸಂಸ್ಥೆಗಳ ನಡುವೆ ಕೇಂದ್ರ ಕಚೇರಿ ಒಪ್ಪಂದವಾಯಿತು. ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳು ಮತ್ತು ವಿಶ್ವಸಂಸ್ಥೆ ಕರೆದ ಅತಿಥಿಗಳು ಬಂದುಹೋಗಲು ಅಡ್ಡಿ ಮಾಡಕೂಡದು ಎಂದು ಅದರ 11ನೆಯ ವಿಧಿ ಹೇಳುತ್ತದೆ. ಅವರ ಸರ್ಕಾರಗಳ ಜೊತೆ ಅಮೆರಿಕದ ಸಂಬಂಧ ಹೇಗೇ ಇರಲಿ, ಈ ನಿಯಮ ಅನ್ವಯಿಸುತ್ತದೆ ಎಂಬುದು 12ನೆಯ ವಿಧಿ. ಇಲ್ಲಿಂದ ಮುಂದಿನ ಜಗಳಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಎರಡು ವಿಧಿಗಳಿಗೆ ಬಂದು ನಿಲ್ಲುತ್ತವೆ.

ಒಪ್ಪಂದದ ಮೊದಲ ದೊಡ್ಡ ಪರೀಕ್ಷೆ 1960ರ ಸೆಪ್ಟೆಂಬರಿನಲ್ಲಿ ನಡೆಯಿತು. ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಬಾಲ್ಟಿಕಾ ಹಡಗಿನಲ್ಲಿ ಬಂದಾಗ ಬಂದರು ಕಾರ್ಮಿಕರು ಪ್ರತಿಭಟಿಸಿದರು. ಕ್ರುಶ್ಚೇವ್ ಮತ್ತು ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಮ್ಯಾನ್‌ಹಟನ್ ದ್ವೀಪ ಬಿಟ್ಟು ಕದಲಬಾರದೆಂದು ಅಮೆರಿಕ ಸರ್ಕಾರ ನಿರ್ಬಂಧ ಹಾಕಿತು. ಮೊದಲು ಇಳಿದುಕೊಂಡ ಹೋಟೆಲಿನವರ ಜೊತೆ ಹಣದ ವಿಚಾರಕ್ಕೆ ಜಗಳವಾಗಿ ಕ್ಯಾಸ್ಟ್ರೊ ಹಾರ್ಲೆಮ್‌ನ ಹೋಟೆಲ್ ಥೆರೆಸಾಗೆ ಬಿಡಾರ ಬದಲಿಸಿದರು. ಕಪ್ಪು ಜನರ ಆ ಬಡಾವಣೆಯಲ್ಲಿ ಸಾವಿರಾರು ಮಂದಿ ಹೋಟೆಲಿನ ಮುಂದೆ ನೆರೆದರು. ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್, ಕ್ರುಶ್ಚೇವ್, ಈಜಿಪ್ಟಿನ ನಾಸೆರ್, ಭಾರತದ ಪ್ರಧಾನಿ ಜವಾಹರಲಾಲ್ ನೆಹರು ಅಲ್ಲಿಗೇ ಹೋಗಿ ಅವರನ್ನು ಕಂಡರು. ಅಧ್ಯಕ್ಷ ಐಸೆನ್‌ಹೋವರ್ ಲ್ಯಾಟಿನ್ ಅಮೆರಿಕದ ನಾಯಕರಿಗೆ ಔತಣ ಕೊಟ್ಟು ಕ್ಯಾಸ್ಟ್ರೊ ಅವರನ್ನು ಕರೆಯದೆ ಬಿಟ್ಟಾಗ ಅವರು ಥೆರೆಸಾದ ನೌಕರರ ಜೊತೆ ಕುಳಿತು ಊಟ ಮಾಡಿದರು. ಅಮೆರಿಕದ ವರ್ಣಭೇದದ ವಿಷಯವನ್ನು ಅಮೆರಿಕದ ಪತ್ರಿಕೆಗಳಲ್ಲೇ ಎತ್ತಲು ಅವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಸೆಪ್ಟೆಂಬರ್ 26ರಂದು ಅವರು ನಾಲ್ಕೂವರೆ ಗಂಟೆಯಷ್ಟು ಮಾತನಾಡಿದರು. ಮಹಾಸಭೆಯ ಅತಿ ದೀರ್ಘ ಭಾಷಣಗಳಲ್ಲಿ ಅದು ಇಂದಿಗೂ ಹೆಸರಾಗಿದೆ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಭಾಷಣಕ್ಕಿಂತ ಹಾರ್ಲೆಮ್. ಆ ಹಾರ್ಲೆಮನ್ನು ಕ್ಯಾಸ್ಟ್ರೊಗೆ ಒದಗಿಸಿಕೊಟ್ಟದ್ದು ಅವರ ವಿರೋಧಿಗಳ ಅಸಡ್ಡೆ.

ಇದೇ ದಿನಗಳಲ್ಲಿ ಪ್ರತಿಭಟನೆಯ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬುದೂ ಗೊತ್ತಾಯಿತು. ನ್ಯೂಯಾರ್ಕಿನ ಒಂದು ರೆಸ್ಟೊರೆಂಟಿನಲ್ಲಿ ಕ್ಯಾಸ್ಟ್ರೊ ಪರ ಮತ್ತು ವಿರೋಧಿ ಗುಂಪುಗಳು ಹೊಡೆದಾಡಿದಾಗ ಹಾರಿದ ಗುಂಡು, ತಂದೆತಾಯಿಯ ಜೊತೆ ಪ್ರವಾಸಕ್ಕೆ ಬಂದಿದ್ದ ವೆನೆಜುವೆಲಾದ ಪುಟ್ಟ ಹುಡುಗಿಯೊಬ್ಬಳನ್ನು ಬಲಿ ತೆಗೆದುಕೊಂಡಿತು. 1964ರ ಡಿಸೆಂಬರ್ 11ರಂದು ಕ್ಯೂಬಾದ ಚೆ ಗುವಾರಾ ಮಹಾಸಭೆಯಲ್ಲಿ ಮಾತನಾಡುತ್ತಿದ್ದಾಗ ಈಸ್ಟ್ ನದಿಯ ಆಚೆ ದಡದಿಂದ ವಿಶ್ವಸಂಸ್ಥೆಯ ಕಟ್ಟಡಕ್ಕೆ ಗುರಿಯಿಟ್ಟು ಬಜೂಕಾ ಹಾರಿಸಲಾಯಿತು. ಶೆಲ್ಲು ನೀರಿಗೆ ಬಿದ್ದದ್ದರಿಂದ ಪ್ರಾಣಹಾನಿ ತಪ್ಪಿತು. ಈ ಎರಡು ಕೃತ್ಯಗಳಿಂದ ಯಾವ ವಾದವೂ ಗೆಲ್ಲಲಿಲ್ಲ, ಭಾಷಣವೂ ನಿಲ್ಲಲಿಲ್ಲ.

ಅರಾಫತ್: 1974 ಮತ್ತು 1988

ಒಬ್ಬನೇ ನಾಯಕನಿಗೆ ಎರಡು ಬಗೆಯ ಪ್ರತಿಕ್ರಿಯೆಗಳೂ ಎದುರಾದ ಉದಾಹರಣೆ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯ ಯಾಸಿರ್ ಅರಾಫತ್. 1974ರ ಅಕ್ಟೋಬರ್ 14ರಂದು ಮಹಾಸಭೆ 105 ಮತಗಳಿಂದ ಸಂಘಟನೆಯನ್ನು ಚರ್ಚೆಗೆ ಆಹ್ವಾನಿಸಿತು. ವಿರುದ್ಧ ಬಂದದ್ದು 4 ಮತ, ತಟಸ್ಥರಾದವರು 20. ಎರಡು ವರ್ಷಗಳ ಹಿಂದಷ್ಟೇ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ ಕ್ರೀಡಾಪಟುಗಳ ಕೊಲೆಯಾಗಿತ್ತು. ಹಾಗಾಗಿ ನ್ಯೂಯಾರ್ಕಿನ ಯಹೂದಿ ಸಮುದಾಯದ ನೋವಿಗೂ ಸಿಟ್ಟಿಗೂ ಕಾರಣವಿತ್ತು. ವಿಶ್ವಸಂಸ್ಥೆಯ ಬಳಿ ಭಾರೀ ಪ್ರತಿಭಟನಾ ಸಭೆ ನಡೆಯಿತು. ನವೆಂಬರ್ 13ರಂದು ಅರಾಫತ್ ಹೆಲಿಕಾಪ್ಟರಿನಲ್ಲಿ ಆವರಣಕ್ಕೆ ಬಂದಿಳಿದು, ಒಂದು ಕೈಯಲ್ಲಿ ಆಲಿವ್ ಕೊಂಬೆ, ಇನ್ನೊಂದರಲ್ಲಿ ಹೋರಾಟಗಾರನ ಬಂದೂಕು ಹಿಡಿದು ಬಂದಿದ್ದೇನೆ ಎಂಬರ್ಥದ ಮಾತಾಡಿದರು. ಇಸ್ರೇಲಿನ ಪ್ರತಿನಿಧಿ ಯೋಸೆಫ್ ಟೆಕೋವಾ ಅದೇ ಚರ್ಚೆಯಲ್ಲಿ ಕಟುವಾಗಿ ಉತ್ತರಿಸಿದರು. ಬೀದಿಯೂ ಮಾತಾಡಿತು, ಸಭೆಯೂ ಮಾತಾಡಿತು, ಎರಡೂ ದಾಖಲಾದವು.

ಹದಿನಾಲ್ಕು ವರ್ಷಗಳ ನಂತರ, 1988ರ ನವೆಂಬರ್ 26ರಂದು, ಅಮೆರಿಕದ ವಿದೇಶಾಂಗ ಸಚಿವ ಜಾರ್ಜ್ ಶುಲ್ಟ್ಸ್ ಭಯೋತ್ಪಾದನೆಯ ನಂಟನ್ನು ಕಾರಣವಾಗಿ ಕೊಟ್ಟು ಅರಾಫತ್‌ಗೆ ವೀಸಾ ನಿರಾಕರಿಸಿದರು. ಮಹಾಸಭೆ ಇದಕ್ಕೆ ಕೊಟ್ಟ ಉತ್ತರ ಅಪೂರ್ವವಾದದ್ದು. ಪ್ಯಾಲೆಸ್ತೀನ್ ಚರ್ಚೆಯನ್ನೇ ಜಿನೀವಾಕ್ಕೆ ಸಾಗಿಸಲು ಅದು 154 ಮತಗಳಿಂದ ತೀರ್ಮಾನಿಸಿತು. ವಿರೋಧಿಸಿದ್ದು ಅಮೆರಿಕ ಮತ್ತು ಇಸ್ರೇಲ್ ಮಾತ್ರ, ಬ್ರಿಟನ್ ತಟಸ್ಥವಾಗಿತ್ತು. ಡಿಸೆಂಬರ್ 13ರಂದು ಅರಾಫತ್ ಅಲ್ಲಿ ಮಾತನಾಡಿದರು. ಮರುದಿನ ಪತ್ರಿಕಾಗೋಷ್ಠಿಯಲ್ಲಿ ಭಯೋತ್ಪಾದನೆಯನ್ನು ತ್ಯಜಿಸುವುದಾಗಿ ಸ್ಪಷ್ಟವಾಗಿ ಹೇಳಿದರು. ಅದೇ ದಿನ ಅಮೆರಿಕ ಅವರ ಸಂಘಟನೆಯ ಜೊತೆ ಮಾತುಕತೆಗೆ ಸಿದ್ಧವೆಂದು ಘೋಷಿಸಿತು. ಬಾಗಿಲು ಮುಚ್ಚಿ ಮೂರು ವಾರ ತುಂಬುವ ಮೊದಲೇ ಮುಚ್ಚಿದವರೇ ಅದನ್ನು ತೆರೆಯಬೇಕಾಯಿತು. ನಿರಾಕರಣೆಯ ಒತ್ತಡದಿಂದಲೇ ಅರಾಫತ್ ಬಗ್ಗಿದರು ಎಂದು ವಾದಿಸುವವರಿದ್ದಾರೆ. ಆದರೆ ಸ್ವೀಡನ್ನಿನ ಮಧ್ಯಸ್ಥಿಕೆಯಲ್ಲಿ ತೆರೆಮರೆಯ ಸಂಧಾನ ಆಗಲೇ ನಡೆದಿತ್ತು. ಅಮೆರಿಕ ಕೇಳಿದ್ದೂ ನಿರ್ದಿಷ್ಟವಾದ ಕೆಲವು ಮಾತುಗಳನ್ನೇ. ಆ ಮಾತುಗಳು ಹೊರಬೀಳಲು ಒಂದು ವೇದಿಕೆ ಬೇಕಿತ್ತು.

ಚಪ್ಪಾಳೆಯೂ ಮತವೂ

ವೇದಿಕೆ ಕೊಟ್ಟರೆ ಮನ್ನಣೆ ಕೊಟ್ಟಂತೆ ಎಂಬುದು ಈ ವಾದಕ್ಕೆ ಬರುವ ಪ್ರಬಲ ಆಕ್ಷೇಪ. ಅದಕ್ಕೆ ಹೆಚ್ಚು ಬಲ ಕೊಡುವುದು ಉಗಾಂಡಾದ ಇದಿ ಅಮೀನ್ ಪ್ರಸಂಗ. ತಮ್ಮ ದೇಶದಲ್ಲಿ ಕೊಲೆಗಳನ್ನು ನಡೆಸುತ್ತಿದ್ದ, 1972ರಲ್ಲಿ ಏಷ್ಯಾ ಮೂಲದ ಸಾವಿರಾರು ಕುಟುಂಬಗಳನ್ನು ಹೊರದಬ್ಬಿದ್ದ ಅಮೀನ್ 1975ರ ಅಕ್ಟೋಬರ್ 1ರಂದು ಆಫ್ರಿಕನ್ ಐಕ್ಯ ಸಂಘಟನೆಯ ಅಧ್ಯಕ್ಷರಾಗಿ ಮಹಾಸಭೆಗೆ ಬಂದರು. ಇಸ್ರೇಲ್ ಎಂಬ ರಾಷ್ಟ್ರವೇ ಇಲ್ಲವಾಗಬೇಕೆಂಬ ಅವರ ಭಾಷಣ ಮುಗಿದಾಗ ಸಭಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಇದು ನಾಚಿಕೆಪಡಬೇಕಾದ ದಿನ. ಅದೇ ವರ್ಷದ ನವೆಂಬರ್ 10ರಂದು, ಯಹೂದಿ ರಾಷ್ಟ್ರವಾದವಾದ ಝಿಯೋನಿಸಂ ಒಂದು ಬಗೆಯ ಜನಾಂಗಭೇದ ಎಂಬ ನಿರ್ಣಯ 72 ಮತಗಳಿಂದ ಅಂಗೀಕಾರವಾಯಿತು. 35 ದೇಶಗಳು ವಿರೋಧಿಸಿದವು, 32 ತಟಸ್ಥವಾಗಿದ್ದವು. ಇಸ್ರೇಲಿನ ಪ್ರತಿನಿಧಿ ಹೈಮ್ ಹೆರ್ಜೋಗ್ ವೇದಿಕೆಯ ಮೇಲೇ ನಿರ್ಣಯದ ಪ್ರತಿಯನ್ನು ಹರಿದರು. ಆದರೆ 1991ರ ಡಿಸೆಂಬರ್ 16ರಂದು ಅದೇ ಮಹಾಸಭೆ 111 ಮತಗಳಿಂದ ಆ ನಿರ್ಣಯವನ್ನು ರದ್ದು ಮಾಡಿತು. 1975ರಲ್ಲಿ ಪರವಾಗಿ ಮತ ಹಾಕಿದ್ದ ಭಾರತವೂ ರದ್ದತಿಯ ಪರ ನಿಂತಿತು. ಅಮೀನರಿಗೆ ಬಿದ್ದ ಚಪ್ಪಾಳೆಯಿಂದ ಅವರ ಆಳ್ವಿಕೆಗೆ ಬಾಳಿಕೆ ಬರಲಿಲ್ಲ, ಅದು 1979ರಲ್ಲಿ ಮುಗಿಯಿತು. ಆ ಚಪ್ಪಾಳೆ ಸಾಕ್ಷಿಯಾಗಿ ಉಳಿದದ್ದು ತಟ್ಟಿದವರ ವಿರುದ್ಧ.

ವೆನೆಜುವೆಲಾದ ಹ್ಯೂಗೊ ಚಾವೆಜ್ ಪ್ರಸಂಗವೂ ಇದನ್ನೇ ಹೇಳುತ್ತದೆ. 2006ರ ಸೆಪ್ಟೆಂಬರ್ 20ರಂದು ಅವರು ಅಧ್ಯಕ್ಷ ಜಾರ್ಜ್ ಬುಷ್ ಅವರನ್ನು ಸೈತಾನ ಎಂದು ಕರೆದು, ಹಿಂದಿನ ದಿನ ಬುಷ್ ನಿಂತಿದ್ದ ಜಾಗದಲ್ಲಿ ಇನ್ನೂ ಗಂಧಕದ ವಾಸನೆ ಬರುತ್ತಿದೆ ಎಂದರು. ಸಭೆಯಲ್ಲಿ ನಗೆ, ಚಪ್ಪಾಳೆ. ಬುಷ್ ಅವರ ಕಡು ಟೀಕಾಕಾರರಾಗಿದ್ದ ಹಾರ್ಲೆಮ್‌ನ ಸಂಸದ ಚಾರ್ಲ್ಸ್ ರ‍್ಯಾಂಗೆಲ್ ಅವರೂ ಈ ಮಾತನ್ನು ಖಂಡಿಸಿದರು. ಚಾವೆಜ್ ಎತ್ತಿ ತೋರಿಸಿದ ನೋಮ್ ಚಾಮ್‌ಸ್ಕಿ ಅವರ ಪುಸ್ತಕ ಭರದಿಂದ ಮಾರಾಟವಾಯಿತು. ಆದರೆ ಅದೇ ವರ್ಷ ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೆ ನಿಂತ ವೆನೆಜುವೆಲಾ ಗ್ವಾಟೆಮಾಲಾದ ಎದುರು 47 ಸುತ್ತು ಮತದಾನ ನಡೆದರೂ ಗೆಲ್ಲಲಿಲ್ಲ. ಕೊನೆಗೆ ಸ್ಥಾನ ಪನಾಮಾಕ್ಕೆ ಹೋಯಿತು. ಲಿಬಿಯಾದ ಗಡಾಫಿ 2009ರ ಸೆಪ್ಟೆಂಬರ್ 23ರಂದು ಹದಿನೈದು ನಿಮಿಷದ ಅವಧಿ ಮೀರಿ ಒಂದೂವರೆ ಗಂಟೆ ಮಾತನಾಡಿದರು. ನ್ಯೂಯಾರ್ಕ್ ಬಳಿಯ ಬೆಡ್‌ಫರ್ಡ್‌ನಲ್ಲಿ ಅವರಿಗಾಗಿ ಡೇರೆ ಎದ್ದಾಗ ಊರಿನವರು ತಕರಾರು ತೆಗೆದರು. ಲಿಬಿಯಾ ಹೊಣೆ ಹೊತ್ತಿದ್ದ ಲಾಕರ್ಬಿ ವಿಮಾನ ಸ್ಫೋಟದಲ್ಲಿ ಮಡಿದವರ ಬಂಧುಗಳು ಪ್ರತಿಭಟಿಸಿದರು. ಎರಡು ವರ್ಷ ಕಳೆಯುವುದರೊಳಗೆ, 2011ರ ಫೆಬ್ರವರಿಯಲ್ಲಿ, ಲಿಬಿಯಾದ ಪ್ರತಿನಿಧಿಯೇ ಭದ್ರತಾ ಮಂಡಳಿಯಲ್ಲಿ ಗಡಾಫಿಯ ವಿರುದ್ಧ ದನಿಯೆತ್ತಿದರು.

ಸಭಾತ್ಯಾಗ ಮತ್ತು ಹೊರಗಿಡುವಿಕೆ

ಎದ್ದು ಹೊರನಡೆಯುವುದು ಉತ್ತರವೇ, ಕೇಳಲು ನಿರಾಕರಣೆಯೇ? ಜಿನೀವಾದ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ 2009ರ ಏಪ್ರಿಲ್ 20ರಂದು ಇರಾನಿನ ಅಧ್ಯಕ್ಷ ಅಹ್ಮದಿನೆಜಾದ್ ಮಾತನಾಡುವಾಗ ವಿದೂಷಕರ ಬಣ್ಣದ ಟೋಪನ್ ಹಾಕಿಕೊಂಡಿದ್ದ ಪ್ರತಿಭಟನಾಕಾರರು ನುಗ್ಗಿ, ಅವರತ್ತ ವಿದೂಷಕರ ಕೆಂಪು ಮೂಗನ್ನು ಎಸೆದರು. ಅದು ಚಿತ್ರಕ್ಕೆ ಒದಗಿತೇ ಹೊರತು ವಾದಕ್ಕೆ ಒದಗಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅವರು ಇಸ್ರೇಲನ್ನು ಜನಾಂಗಭೇದಿ ಎಂದಾಗ ಯುರೋಪಿನ ಪ್ರತಿನಿಧಿಗಳು ಸಾಲಾಗಿ ಎದ್ದುಹೋದರು. ಯಾವ ಮಾತಿಗೆ ವಿರೋಧ ಎಂಬುದು ಆ ನಡೆಯಲ್ಲಿ ತಿಳಿಯಾಗಿತ್ತು. ಗಾಜಾ ಯುದ್ಧದ ಹಿನ್ನೆಲೆಯಲ್ಲಿ 2025ರ ಸೆಪ್ಟೆಂಬರ್ 26ರಂದು ಇಸ್ರೇಲಿನ ಪ್ರಧಾನಿ ನೆತನ್ಯಾಹು ವೇದಿಕೆಗೆ ಬಂದಾಗ ಅನೇಕ ದೇಶಗಳವರು ಹೊರನಡೆದರು. ಅವರು ಬಹುಮಟ್ಟಿಗೆ ಖಾಲಿ ಕುರ್ಚಿಗಳ ಮುಂದೆ ಮಾತನಾಡಿದರು. ಇಲ್ಲಿ ಭಾಷಣ ತಡೆಯಲ್ಪಡಲಿಲ್ಲ, ವಿರೋಧವೂ ಅಡಗಲಿಲ್ಲ. ಆದ್ದರಿಂದ ಸಭಾತ್ಯಾಗವನ್ನು ಉತ್ತರದ ಸಾಲಿಗೇ ಸೇರಿಸಬೇಕು. ಆದರೆ ಹೇಳುವ ಮಾತನ್ನು ಕೇಳಿ ಹೊರನಡೆಯುವುದಕ್ಕೆ ಇರುವ ತೂಕ, ಹೇಳುವವರ ಮುಖ ನೋಡಿಯೇ ಎದ್ದುಹೋಗುವುದಕ್ಕೆ ಇಲ್ಲ. ಅದೇ ವಾರ ಅಮೆರಿಕದ ವೀಸಾ ಸಿಗದ ಪ್ಯಾಲೆಸ್ತೀನ್ ಅಧ್ಯಕ್ಷ ಮಹಮೂದ್ ಅಬ್ಬಾಸ್, ಮಹಾಸಭೆ 145 ಮತಗಳಿಂದ ಅನುಮತಿ ಕೊಟ್ಟದ್ದರಿಂದ, ವಿಡಿಯೊ ಮೂಲಕ ಮಾತನಾಡಿದರು. 1988ರ ಪಾಠ ಮತ್ತೊಮ್ಮೆ ಸಾಬೀತಾಯಿತು.

ಹೊರಗಿಡುವುದೇ ಫಲಕೊಟ್ಟ ಉದಾಹರಣೆ ದಕ್ಷಿಣ ಆಫ್ರಿಕಾ. ಈ ಲೇಖನದ ವಾದಕ್ಕೆ ಅದು ನಿಜವಾದ ಸವಾಲು. ಅಲ್ಲಿನ ಭಾರತೀಯರ ಸ್ಥಿತಿಯನ್ನು ಭಾರತ 1946ರಲ್ಲೇ ಮಹಾಸಭೆಯ ಮುಂದಿಟ್ಟಿತ್ತು. 1961ರ ಅಕ್ಟೋಬರ್ 11ರಂದು ದಕ್ಷಿಣ ಆಫ್ರಿಕಾದ ವಿದೇಶಾಂಗ ಸಚಿವ ಎರಿಕ್ ಲೌ ವರ್ಣಭೇದ ನೀತಿಯನ್ನು ಸಮರ್ಥಿಸಿದಾಗ ಮಹಾಸಭೆ 67 ಮತಗಳಿಂದ ಅವರ ಭಾಷಣವನ್ನು ಖಂಡಿಸಿತು. ವಿರುದ್ಧ ಬಿದ್ದ ಒಂದೇ ಮತ ದಕ್ಷಿಣ ಆಫ್ರಿಕಾದ್ದು. 1974ರ ಅಕ್ಟೋಬರಿನಲ್ಲಿ ಭದ್ರತಾ ಮಂಡಳಿಯಲ್ಲಿ ಉಚ್ಚಾಟನೆಯ ಪ್ರಸ್ತಾಪಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್ ವೀಟೊ ಹಾಕಿದವು. ನವೆಂಬರ್ 12ರಂದು ಮಹಾಸಭೆ, ಆ ನಿಯೋಗದ ಅಧಿಕಾರಪತ್ರಗಳನ್ನು ಒಪ್ಪದೆ, ಅದು ಕಲಾಪದಲ್ಲಿ ಭಾಗವಹಿಸದಂತೆ ಮಾಡಿತು. ಇಪ್ಪತ್ತು ವರ್ಷಗಳ ನಂತರ, 1994ರ ಅಕ್ಟೋಬರ್ 3ರಂದು, ನೆಲ್ಸನ್ ಮಂಡೇಲಾ ಅಧ್ಯಕ್ಷರಾಗಿ ಅಲ್ಲಿ ಮಾತನಾಡಿದರು. ಈ ಉದಾಹರಣೆಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಹೊರಗಿಟ್ಟದ್ದು ಬೀದಿಯ ಗುಂಪೂ ಅಲ್ಲ, ಆತಿಥೇಯ ಸರ್ಕಾರವೂ ಅಲ್ಲ. ಸುಮಾರು ಮೂರು ದಶಕಗಳ ಕಾಲ ಎರಡೂ ಕಡೆಯ ಮಾತು ಕೇಳಿದ ಸಭೆಯೇ ಮತದ ಮೂಲಕ ತೀರ್ಮಾನಿಸಿತು. ಎರಡನೆಯದು, ಅಲ್ಲಿ ವಿಚಾರಣೆಗೆ ಬಂದದ್ದು ಪ್ರಾತಿನಿಧ್ಯದ ಪ್ರಶ್ನೆ. ತನ್ನ ಬಹುಸಂಖ್ಯಾತ ಜನರಿಗೆ ಮತದ ಹಕ್ಕೇ ಕೊಡದ ಸರ್ಕಾರ ಯಾರ ಪರವಾಗಿ ಮಾತನಾಡುತ್ತಿದೆ ಎಂದು ಸಭೆ ಕೇಳಿತ್ತು.

ಆತಿಥೇಯ ದೇಶಕ್ಕೆ ತನ್ನ ಭದ್ರತೆ ನೋಡಿಕೊಳ್ಳುವ ಹಕ್ಕಿದೆ. ಸಂಚಾರಕ್ಕೆ ಮಿತಿ, ಕಾವಲು, ತಪಾಸಣೆ ಇವು ಆ ಹಕ್ಕಿನೊಳಗೆ ಬರುತ್ತವೆ. ಆದರೆ ಯಾರು ಮಾತನಾಡಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಅದಕ್ಕಿಲ್ಲ. ನೊಂದವರಿಗೆ ಬೀದಿಯಲ್ಲಿ ನಿಂತು ಧಿಕ್ಕಾರ ಕೂಗುವ ಹಕ್ಕು ಎಷ್ಟು ದೊಡ್ಡದೋ, ಅವರು ದ್ವೇಷಿಸುವ ವ್ಯಕ್ತಿ ಒಳಗೆ ಮಾತನಾಡುವುದೂ ಅಷ್ಟೇ ಅಗತ್ಯ. ಆ ಮಾತು ಹೊರಗೆ ಬಂದರೆ ಮಾತ್ರ ಅದಕ್ಕೆ ಹೊಣೆ ಹೊರಿಸಲು ಸಾಧ್ಯ. 1936ರಿಂದ 2025ರವರೆಗಿನ ಈ ದಾಖಲೆ ಹೇಳುವುದು ಇಷ್ಟು: ವಿವಾದಿತ ನಾಯಕನ ಭಾಷಣಕ್ಕೆ ತಕ್ಕ ಪ್ರತಿಕ್ರಿಯೆ ಎದುರು ಭಾಷಣ, ಶಾಂತ ಪ್ರತಿಭಟನೆ ಮತ್ತು ಮತ. ಬಾಗಿಲು ಮುಚ್ಚುವುದು ಅವುಗಳಿಗೆ ಎಂದೂ ಸಾಟಿಯಾಗಿಲ್ಲ.