ಹ್ಯಾಮ್ಲೆಟ್ ನಾಟಕದಲ್ಲಿ ದುರ್ಬಲ ಪ್ರೇಮ

ಷೇಕ್ಸ್‌ಪಿಯರನ ಹ್ಯಾಮ್ಲೆಟ್ ರುದ್ರನಾಟಕವನ್ನು ಪಾಠ ಹೇಳುವಾಗ ನಾವು ಅಧ್ಯಾಪಕರು ಬಹುಮಟ್ಟಿಗೆ ನಾಯಕನ ಸಂಶಯ, ವಿಳಂಬಗಳ ಚರ್ಚೆಯಲ್ಲಿಯೇ ಕಾಲ ಕಳೆಯುತ್ತೇವೆ. ರಾಣಿ ಗರ್ಟ್ರೂಡ್ ಮತ್ತು ಒಫೀಲಿಯರನ್ನು ಕುರಿತು ಪ್ರಶ್ನೆ ಕೇಳಿದರೆ, ನಾಯಕನು ತಾಯಿಯ ಮೇಲಣ ಸಿಟ್ಟಿನಲ್ಲಿ ಆಡಿದ ಮಾತನ್ನೇ ಹಿಡಿದು, ಹೆಣ್ಣು ಸ್ವಭಾವತಃ ದುರ್ಬಲೆಯೆಂದು ವಿದ್ಯಾರ್ಥಿಗಳು ಉತ್ತರ ಬರೆಯುತ್ತಾರೆ. ನಾವೂ ಅಂಕ ಕೊಡುತ್ತೇವೆ. ಈ ತೀರ್ಪು ನ್ಯಾಯವಾದುದೆ? ಕಥೆಯ ಪೂರ್ವೇತಿಹಾಸವನ್ನು ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ.

ಸುಮಾರು 1200ರಲ್ಲಿ ಡೆನ್ಮಾರ್ಕಿನ ಸ್ಯಾಕ್ಸೊ ಗ್ರಮಾಟಿಕಸನು ಲ್ಯಾಟಿನ್ ಭಾಷೆಯಲ್ಲಿ ಬರೆದ ಡೇನರ ಚರಿತ್ರೆಯಲ್ಲಿ ಈ ಕಥೆ ಬರುತ್ತದೆ. ಆ ಗ್ರಂಥವು 1514ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಅಲ್ಲಿ ಫೆಂಗನು ಒಡಹುಟ್ಟಿದವನನ್ನು ಕೊಂದು, ಸತ್ತವನ ಹೆಂಡತಿ ಗೆರುಥಳನ್ನು ವರಿಸುತ್ತಾನೆ. ಮಗ ಆಮ್ಲೆಥನು ಹುಚ್ಚನಂತೆ ನಟಿಸುತ್ತಾನೆ. ಅವನ ಗುಟ್ಟನ್ನು ಹೊರಗೆಡಹಲು ಒಬ್ಬ ತರುಣಿಯನ್ನು ಒಡ್ಡುತ್ತಾರೆ. ಆದರೆ ಅವಳು ಬಾಲ್ಯದ ಒಡನಾಡಿ. ಎಷ್ಟು ಕೇಳಿದರೂ ಗುಟ್ಟು ಬಿಡುವುದಿಲ್ಲ. ತಾಯಿಯೂ ಮಗನ ಮಾತಿಗೆ ಕರಗಿ, ಅವನು ಹೇಳಿದಂತೆ ಸಭಾಗೃಹಕ್ಕೆ ಹೆಣೆದ ತೆರೆಗಳನ್ನು ತೂಗಿಸುತ್ತಾಳೆ. ಆ ತೆರೆಗಳಲ್ಲಿಯೇ ಶತ್ರುಗಳು ಸಿಕ್ಕಿ ಬೆಂದುಹೋಗುತ್ತಾರೆ. ಮಗನು ಗೆದ್ದು ರಾಜನಾಗುತ್ತಾನೆ. ಎಂದರೆ ಮೂಲಕಥೆಯಲ್ಲಿ ಇಬ್ಬರು ಸ್ತ್ರೀಯರ ಪ್ರೇಮವೂ ಗಟ್ಟಿಯಾದುದೇ.

1570ರಲ್ಲಿ ಇದನ್ನು ಫ್ರೆಂಚಿನಲ್ಲಿ ಹೇಳಿದ ಬೆಲ್‌ಫೊರೆಯು ಗಂಡನ ಕೊಲೆಗೆ ಮೊದಲೇ ರಾಣಿಗೆ ಮೈದುನನ ಸಂಗವಿತ್ತೆಂದು ಸೇರಿಸಿದನು. 1589ರ ವೇಳೆಗೆ ಇಂಗ್ಲಿಷಿನಲ್ಲಿ ಒಂದು ಹ್ಯಾಮ್ಲೆಟ್ ನಾಟಕವಿದ್ದಿತು, ಅದು ಉಳಿದುಬಂದಿಲ್ಲ. ಷೇಕ್ಸ್‌ಪಿಯರನ ಹೆಸರಿನಲ್ಲಿ 1603ರಲ್ಲಿ ಹೊರಟ ಮೊದಲ ಮುದ್ರಣದಲ್ಲಿ ರಾಣಿಯು ತಾನು ಕೊಲೆಯನ್ನು ಅರಿಯೆನೆಂದು ಆಣೆಯಿಟ್ಟು, ಮಗನ ಸೇಡಿಗೆ ನೆರವಾಗುವೆನೆನ್ನುತ್ತಾಳೆ. ಮರುಮುದ್ರಣದಲ್ಲಿಯೂ 1623ರ ಸಂಪುಟದಲ್ಲಿಯೂ ಅವಳು ಗುಟ್ಟು ಹೊರಗೆಡಹುವುದಿಲ್ಲವೆಂದು ಮಾತ್ರ ಮಾತು ಕೊಡುತ್ತಾಳೆ. ನೆರವು ಹೋಗಿ ಮೌನ ಉಳಿಯಿತು.

ಒಫೀಲಿಯಳ ಪಾಡೂ ಇಂಥದೇ. ತಂದೆ ಬೇಡವೆಂದೊಡನೆ ಪ್ರಿಯನನ್ನು ದೂರವಿಡುತ್ತಾಳೆ. ತಂದೆಯೂ ದೊರೆಯೂ ಮರೆಯಲ್ಲಿ ನಿಂತು ಕೇಳುತ್ತಿರುವಾಗ ಅವನ ಕಾಣಿಕೆಗಳನ್ನು ಹಿಂದಿರುಗಿಸುತ್ತಾಳೆ. ತಂದೆಯೆಲ್ಲಿ ಎಂದು ಅವನು ಕೇಳಿದರೆ ಮನೆಯಲ್ಲಿದ್ದಾನೆಂದು ಸುಳ್ಳಾಡುತ್ತಾಳೆ. ಅವಳಲ್ಲಿ ಪ್ರೇಮವಿಲ್ಲವೆಂದಲ್ಲ, ಅದಕ್ಕೆ ಎದುರಾಡುವ ಬಲವಿಲ್ಲ.

ಆದರೆ ಪುರುಷರ ಪ್ರೇಮ ಬಲವಾದುದೆ? ಪೊಲೋನಿಯಸ್ ಮಗಳನ್ನು ಗಾಳದ ಎರೆ ಮಾಡುತ್ತಾನೆ, ಪ್ಯಾರಿಸ್ಸಿಗೆ ಹೋದ ಮಗನ ಹಿಂದೆ ಗೂಢಚಾರನನ್ನು ಅಟ್ಟುತ್ತಾನೆ. ಬಾಲ್ಯಸ್ನೇಹಿತರಿಬ್ಬರು ದೊರೆಯ ಬೇಹಿಗೆ ನಿಲ್ಲುತ್ತಾರೆ. ಲೇರ್ಟೀಸನ ಪಿತೃಶೋಕವು ವಿಷ ಸವರಿದ ಕತ್ತಿಯಾಗುತ್ತದೆ. ಯಾವ ರಾಣಿಗಾಗಿಯೂ ಕಿರೀಟಕ್ಕಾಗಿಯೂ ಕ್ಲಾಡಿಯಸ್ ಅಣ್ಣನನ್ನು ಕೊಂದನೋ, ಆ ರಾಣಿಯೇ ಕಡೆಯಲ್ಲಿ ವಿಷದ ಬಟ್ಟಲನ್ನೆತ್ತಿದಾಗ, ಕುಡಿಯಬೇಡವೆಂದು ಬಾಯಲ್ಲಿ ಹೇಳಿ ಸುಮ್ಮನಾಗುತ್ತಾನೆ. ಕೈ ಹಿಡಿದು ತಡೆದರೆ ಗುಟ್ಟು ಬಯಲಾಗುತ್ತದಷ್ಟೆ! ಮೂಲದಲ್ಲಿ ಒಬ್ಬನ ಪಾತಕವಾಗಿದ್ದುದು ಇಲ್ಲಿ ಅರಮನೆಯನ್ನೆಲ್ಲ ವ್ಯಾಪಿಸಿದೆ. ಅದಕ್ಕೆ ಎಲ್ಲರೂ ದುಷ್ಟರಾಗಬೇಕಾಗಿಲ್ಲ, ಪ್ರೀತಿಸುವವರು ಬೇಡವೆನ್ನಲಾರದೆ ಹೋದರೆ ಸಾಕೆಂಬುದೇ ಕವಿಯ ಭೀಕರ ದರ್ಶನ. ಕೊನೆಯವರೆಗೆ ಕದಲದೆ ನಿಂತ ಸ್ನೇಹವೆಂದರೆ ಹೊರೇಷಿಯೋನದೊಂದೇ.

ಈ ನಾಟಕವನ್ನು ಬಿದನೂರಿನ ಇತಿಹಾಸದ ಹಿನ್ನೆಲೆಯಲ್ಲಿ ಕನ್ನಡಿಸಿ 'ರಕ್ತಾಕ್ಷಿ'ಯನ್ನು ರಚಿಸಿದ ಕುವೆಂಪು ಅವರು ಒಫೀಲಿಯಳ ಸ್ಥಾನದ ರುದ್ರಾಂಬೆಗೆ ಸೇಡಿನ ಕಿಚ್ಚನ್ನು ಕೊಟ್ಟರು. ಕಥೆ ಕೈ ಬದಲಾದಾಗ ಹೆಣ್ಣಿನ ಬಲಾಬಲವೂ ಬದಲಾಗುತ್ತದೆ; ಅದು ಹೆಣ್ಣಿನ ಹುಟ್ಟುಗುಣವಲ್ಲವೆನ್ನಲು ಇನ್ನೇನು ಸಾಕ್ಷಿ ಬೇಕು?

ಒಫೀಲಿಯಳನ್ನು ವಿಧೇಯ ಪುತ್ರಿಯೆಂದು ಹೊಗಳುವ ಮುನ್ನ ನಾವು ಕ್ಷಣ ತಡೆಯಬೇಕು. ವಿಧೇಯತೆಯನ್ನು ದಿನವೂ ಬೋಧಿಸುವವರು ನಾವೇ ತಾನೆ?