ಸ್ಕ್ಯಾಂಡಿನೇವಿಯದ ಹಳೆಯ ಪಿಂಗಾಣಿ ಮತ್ತು ಮನೆಬಟ್ಟೆಗಳಲ್ಲಿ ಬಣ್ಣ

ಸ್ಕ್ಯಾಂಡಿನೇವಿಯದ ಗೃಹವಿನ್ಯಾಸವೆಂದರೆ ಬಿಳಿ ಗೋಡೆ, ತಿಳಿ ಮರ, ಬೂದು ಬಟ್ಟೆ ಎಂಬ ಕಲ್ಪನೆ ಆಳವಾಗಿ ಬೇರೂರಿದೆ. 20ನೆಯ ಶತಮಾನದ ನಡುಭಾಗದ ವಸ್ತುಗಳನ್ನು ಕಣ್ಣಾರೆ ಕಂಡವರು ಇದನ್ನು ಒಪ್ಪಲಾರರು. ಆ ಕಾಲದ ಪುಸ್ತಕ, ಪ್ರದರ್ಶನ ಸೂಚಿಗಳ ಬಹುಪಾಲು ಚಿತ್ರಗಳು ಕಪ್ಪು-ಬಿಳುಪು. ಆಕಾರ ದಾಖಲಾಯಿತು, ಬಣ್ಣ ಹೊರಗುಳಿಯಿತು. ಭೂಗೋಳದ ಲೆಕ್ಕದಲ್ಲಿ ಫಿನ್ಲೆಂಡ್ ಸ್ಕ್ಯಾಂಡಿನೇವಿಯಕ್ಕೆ ಸೇರದಿದ್ದರೂ ಈ ಇತಿಹಾಸದಲ್ಲಿ ಅದನ್ನು ಬಿಡುವಂತಿಲ್ಲ.

ಪಿಂಗಾಣಿ ಸುಡುವ ಕಾವನ್ನು ತಡೆಯುವ ವರ್ಣದ್ರವ್ಯಗಳು ಕೆಲವೇ. 1775ರಲ್ಲಿ ಆರಂಭವಾದ ರಾಯಲ್ ಕೋಪನ್‌ಹೇಗನ್ ಕೋಬಾಲ್ಟ್ ನೀಲಿಯನ್ನು ನೆಚ್ಚಿದ್ದು ಈ ಕಾರಣಕ್ಕೆ. 1930ರ ಸುಮಾರಿಗೆ ಸ್ವೀಡನ್ನಿನ ಗುಸ್ತಾವ್ಸ್‌ಬೆರಿಯಲ್ಲಿ ವಿಲ್ಹೆಲ್ಮ್ ಕೋಗೆ ಹಸಿರು ಮೆರುಗಿನ ಮೇಲೆ ಬೆಳ್ಳಿಯ ಚಿತ್ರಗಳನ್ನು ಕೂರಿಸಿ ‘ಅರ್ಜೆಂಟಾ’ ಮಾಲೆಯನ್ನು ತಂದರು. ರಸಾಯನ ಎಂಜಿನಿಯರ್ ನತಾಲಿ ಕ್ರೆಬ್ಸ್ ಡೆನ್ಮಾರ್ಕಿನ ಸಾಕ್ಸ್‌ಬೋ ಕಾರ್ಯಾಗಾರದಲ್ಲಿ ಮೆರುಗುಗಳ ಮೇಲೆಯೇ ದುಡಿದರು.

ಬಟ್ಟೆಯ ಕಥೆ ಬೇರೆ. ಫಿನ್ಲೆಂಡಿನ ಉದ್ದ ಎಳೆಗಳ ‘ರ‍್ಯೂಯು’ ಕಂಬಳಿಯಲ್ಲಿ ಒಂದೇ ಗಂಟಿಗೆ ಹಲವು ಛಾಯೆಯ ನೂಲು ಸೇರಿಸುತ್ತಾರೆ. ದೂರದಿಂದ ನೋಡಿದಾಗ ಬಣ್ಣಗಳು ಕಣ್ಣಿನಲ್ಲೇ ಬೆರೆಯುತ್ತವೆ. ಸ್ವೀಡನ್ನಿನ ಅತಿ ವರ್ಣಮಯ ಮುದ್ರಿತ ಬಟ್ಟೆಗಳನ್ನು ಕೊಟ್ಟವರು ವಿಯೆನ್ನಾ ತೊರೆದು ಬಂದ ಯೋಸೆಫ್ ಫ್ರಾಂಕ್. ನ್ಯೂಯಾರ್ಕಿನಲ್ಲಿದ್ದಾಗ, 1944ರಲ್ಲಿ, ಸ್ವೆನ್ಸ್ಕ್ಟ್ ಟೆನ್ ಅಂಗಡಿಯ ಎಸ್ಟ್ರಿಡ್ ಎರಿಕ್ಸನ್ ಅವರ 50ನೆಯ ಹುಟ್ಟುಹಬ್ಬಕ್ಕೆ 50 ವಿನ್ಯಾಸಗಳನ್ನು ಕಾಣಿಕೆಯಾಗಿ ಕಳಿಸಿದರು. ಫಿನ್ಲೆಂಡಿನ ಕಾಯ್ ಫ್ರಾಂಕ್ ಬೇರೆಯವರು; ಹೆಸರಿನ ಹೋಲಿಕೆಯಿಂದ ಇಬ್ಬರನ್ನೂ ಒಂದೇ ಎಂದುಕೊಳ್ಳುವುದುಂಟು.

ಕಾಯ್ ಫ್ರಾಂಕ್ ಅವರ ‘ಕಿಲ್ಟಾ’ ಪಾತ್ರೆಗಳು ಹೆಲ್ಸಿಂಕಿಯ ಅರಬಿಯಾ ಕಾರ್ಖಾನೆಯಿಂದ 1953ರಲ್ಲಿ ಮಾರುಕಟ್ಟೆಗೆ ಬಂದದ್ದೇ ಊಟದ ಪಾತ್ರೆಗಳ ಬಣ್ಣದಲ್ಲಿ ನಿಜವಾದ ತಿರುವು. ಅಲ್ಲಿಯವರೆಗೆ ಊಟದ ಮೇಜಿಗೆ ಒಂದೇ ಚಿತ್ತಾರದ ಇಡೀ ಸೆಟ್ ಬೇಕಿತ್ತು. ಕಿಲ್ಟಾದಲ್ಲಿ ಹೂವಿಲ್ಲ, ಚಿನ್ನದ ಅಂಚಿಲ್ಲ. ಹಳದಿ, ಹಸಿರು, ನೀಲಿ, ಕಪ್ಪು, ಬಿಳಿ ಮೆರುಗೇ ಅಲಂಕಾರ. ಬಿಡಿಬಿಡಿಯಾಗಿ ಕೊಂಡು ಹಳದಿ ತಟ್ಟೆಯ ಪಕ್ಕ ಕಪ್ಪು ಬಟ್ಟಲಿಡಬಹುದಿತ್ತು. ಒಂದು ಒಡೆದರೆ ಮೇಜೇ ಕೆಡುತ್ತಿರಲಿಲ್ಲ. ಯುದ್ಧಾನಂತರದ ಸಣ್ಣ ಮನೆಗಳಿಗೆ ಇದು ದೊಡ್ಡ ಬಿಡುಗಡೆ.

ಅದೇ ವರ್ಷ ಫಿನ್ಲೆಂಡಿನ ಬಟ್ಟೆ ಸಂಸ್ಥೆ ಮರಿಮೆಕ್ಕೊಗೆ ವುಯೊಕ್ಕೊ ನುರ್ಮೆಸ್ನಿಯೆಮಿ ‘ಪಿಕ್ಕೊಲೊ’ ಪಟ್ಟೆಗಳನ್ನು ಕುಂಚದಿಂದ ಎಳೆದರು. ಕೈಯಿಂದ ಎಳೆದದ್ದರಿಂದ ಪಟ್ಟೆ ಅಷ್ಟಿಷ್ಟು ವಾಲುತ್ತದೆ. ಎರಡು ಬಣ್ಣಗಳ ಅಂಚು ಒಂದರ ಮೇಲೊಂದು ಬಿದ್ದಲ್ಲಿ ಮೂರನೆಯದೊಂದು ಮೂಡುತ್ತದೆ. ಹೂವಿನ ಮುದ್ರಣ ಬೇಡವೆಂದು ಒಡತಿ ಆರ್ಮಿ ರಾತಿಯಾ ಹೇಳಿದ್ದರೂ ಮಾಯಿಯಾ ಇಸೊಲಾ 1964ರಲ್ಲಿ ‘ಉನಿಕ್ಕೊ’ ಗಸಗಸೆ ಹೂವನ್ನು ಬರೆದರು.

ಆಕರಗಳು ಹೆಚ್ಚು ಎಡವಿರುವುದು ನಾರ್ವೆಯ ‘ಲೋಟಸ್’ ವಿಚಾರದಲ್ಲಿ. ಹಾಲ್ಡೆನ್ ಪಟ್ಟಣದ ಕಾಥ್ರಿನೆಹೋಲ್ಮ್ ಕಾರ್ಖಾನೆಯ ಈ ಪಾತ್ರೆಗಳು ಪಿಂಗಾಣಿಯಲ್ಲ, ಉಕ್ಕಿನ ಮೇಲೆ ಎನಾಮೆಲ್. ಕಿತ್ತಳೆ, ಹಸಿರು, ನೀಲಿಯ ಸಾಲು ಎಲೆಗಳಿಂದಾಗಿ ಸಂಗ್ರಾಹಕರು ಇವನ್ನು ಪಿಂಗಾಣಿಯ ಜೊತೆಗೇ ಜೋಡಿಸಿಡುತ್ತಾರೆ. ಗ್ರೇತೆ ಪ್ರಿಟ್ಜ್ ಕಿಟೆಲ್ಸೆನ್ ಅವರ ಹೆಸರಿನಲ್ಲಿ ಈ ಚಿತ್ತಾರ ಬಹುಕಾಲ ಮಾರಾಟವಾಯಿತು. ಆದರೆ ಎಲೆಗಳನ್ನು ಬರೆದವರು ಆರ್ನೆ ಕ್ಲೌಸೆನ್. ಕಿಟೆಲ್ಸೆನ್ ಅಕ್ಕಸಾಲಿ ಮನೆತನದಿಂದ ಬಂದು ಎನಾಮೆಲ್ಲನ್ನೇ ಬದುಕಾಗಿಸಿಕೊಂಡವರು. ಅವರಿಗೆ ಪ್ರಿಯವಾಗಿದ್ದದ್ದು ಚಿತ್ತಾರವಿಲ್ಲದ ಶುದ್ಧ ಬಣ್ಣ. ಬಟ್ಟಲಿನ ಆಕಾರವನ್ನು ಅವರ ಹೆಸರಿಗೂ ಎಲೆಯನ್ನು ಕ್ಲೌಸೆನ್ ಹೆಸರಿಗೂ ಬಿಡಿಸಿ ಬರೆಯುವುದೇ ಸರಿ.