ಜೂಜುಯಂತ್ರಕ್ಕೆ ಕಡಿವಾಣ: ನಾರ್ವೆ ದೇಶದ ಇತಿಹಾಸದಿಂದ ಒಂದು ಪಾಠ

ಜೂಜು ನಮಗೆ ಹೊಸ ಸಂಗತಿಯಲ್ಲ. ಧರ್ಮರಾಯನಂತಹ ಧರ್ಮರಾಯನೇ ಪಗಡೆಯ ಹಾಸಿನ ಮುಂದೆ ಕುಳಿತು ರಾಜ್ಯಕೋಶಗಳನ್ನು ಕಳೆದುಕೊಂಡ ಕಥೆಯನ್ನು ಬಲ್ಲವರು ನಾವು. ಆದರೂ ಆ ಸಭೆಯಲ್ಲಿ ಎದುರಿಗೊಬ್ಬ ಆಟಗಾರನಿದ್ದನು, ಸುತ್ತಲೂ ಹಿರಿಯರಿದ್ದರು, ಬೇಡವೆಂದು ಎಚ್ಚರಿಸಲು ವಿದುರನಿದ್ದನು. ಜೂಜುಯಂತ್ರದ ಮುಂದೆ ನಿಂತವನಿಗೆ ಎದುರಾಳಿಯೂ ಇಲ್ಲ, ಸಭೆಯೂ ಇಲ್ಲ, ವಿದುರನೂ ಇಲ್ಲ. ಇಂತಹ ಯಂತ್ರವು ಜನರ ಕೈಗೆ ಎಷ್ಟರಮಟ್ಟಿಗೆ ಎಟುಕಬೇಕು? ಈ ಪ್ರಶ್ನೆಗೆ ಯೂರೋಪಿನ ಉತ್ತರದಲ್ಲಿರುವ ನಾರ್ವೆ ದೇಶವು ಕಂಡುಕೊಂಡ ಉತ್ತರವು ವಿಚಾರಾರ್ಹವಾಗಿದೆ.

ಮೊದಲು ಯಂತ್ರದ ಹುಟ್ಟನ್ನು ತಿಳಿಯೋಣ. ಬವೇರಿಯಾದಿಂದ ಬಂದು ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನೆಲಸಿದ್ದ ಚಾರ್ಲ್ಸ್ ಫೇ ಎಂಬ ಕುಶಲಕರ್ಮಿಯು 19ನೆಯ ಶತಮಾನದ ಕೊನೆಯ ದಶಕದಲ್ಲಿ 'ಲಿಬರ್ಟಿ ಬೆಲ್' ಎಂಬ ಯಂತ್ರವನ್ನು ನಿರ್ಮಿಸಿದನು. ನಾಣ್ಯ ಹಾಕಿ ಹಿಡಿ ಎಳೆದರೆ ಮೂರು ಚಕ್ರಗಳು ತಿರುಗುತ್ತಿದ್ದವು. ಮೂರು ಗಂಟೆಗಳ ಚಿತ್ರ ಒಂದೇ ಸಾಲಿನಲ್ಲಿ ನಿಂತರೆ 50 ಸೆಂಟುಗಳ ಬಹುಮಾನ ದೊರೆಯುತ್ತಿತ್ತು. 1963ರಲ್ಲಿ ಬ್ಯಾಲಿ ಸಂಸ್ಥೆಯು ಈ ಯಂತ್ರಕ್ಕೆ ವಿದ್ಯುಚ್ಛಕ್ತಿಯನ್ನು ಜೋಡಿಸಿತು. 1984ರಲ್ಲಿ ಇಂಗೆ ಟೆಲ್ನೆಸ್ ಎಂಬವರಿಗೆ ದೊರೆತ ಪೇಟೆಂಟಿನಿಂದ ಚಕ್ರವು ಎಲ್ಲಿ ನಿಲ್ಲಬೇಕೆಂಬುದನ್ನು ಕಂಪ್ಯೂಟರೇ ನಿರ್ಧರಿಸುವಂತಾಯಿತು. ಕಣ್ಣಿಗೆ ಕಾಣುವ ಚಕ್ರಕ್ಕೂ ಒಳಗೆ ನಡೆಯುವ ಲೆಕ್ಕಕ್ಕೂ ಇದ್ದ ಸಂಬಂಧವು ಸಡಿಲಿತು. ಆಟದ ವೇಗವು ಹೆಚ್ಚಿತು. ಸೋತವನು ಒಂದು ಕ್ಷಣ ನಿಂತು ಆಲೋಚಿಸುವ ಬಿಡುವು ಮಾತ್ರ ಕಡಿಮೆಯಾಯಿತು.

ನಾರ್ವೆಯಲ್ಲಿ ಈ ಯಂತ್ರಗಳು ಜೂಜುಗಾರರ ಅಡ್ಡೆಗಳಲ್ಲಿ ಅಡಗಿರಲಿಲ್ಲ. ಕಿರಾಣಿ ಮಳಿಗೆ, ಪೆಟ್ರೋಲ್ ಬಂಕು, ರೈಲು ನಿಲ್ದಾಣಗಳಂತಹ ದಿನನಿತ್ಯದ ಸ್ಥಳಗಳಲ್ಲಿಯೇ ಅವು ನಿಂತಿದ್ದವು. ಹಾಲು, ರೊಟ್ಟಿ ಕೊಳ್ಳಲು ಹೋದ ಗೃಹಸ್ಥನೂ ಶಾಲೆಯಿಂದ ಮರಳುವ ಹುಡುಗನೂ ಅವುಗಳನ್ನು ಹಾದೇ ಹೋಗಬೇಕಾಗಿತ್ತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಅವುಗಳ ಆದಾಯವು ಸೇವಾಸಂಸ್ಥೆಗಳಿಗೆ ಸಲ್ಲುತ್ತಿತ್ತು. ರೆಡ್ ಕ್ರಾಸ್, ಸಮುದ್ರದಲ್ಲಿ ಸಿಲುಕಿದವರನ್ನು ರಕ್ಷಿಸುವ ಸಂಘ ಮೊದಲಾದವು ಯಂತ್ರಗಳ ಗಳಿಕೆಯಲ್ಲಿ ಪಾಲು ಪಡೆಯುತ್ತಿದ್ದವು. ಖಾಸಗಿ ಉದ್ಯಮಿಗಳು ಯಂತ್ರಗಳನ್ನು ನಡೆಸಿ ತಮ್ಮ ಪಾಲನ್ನು ತೆಗೆದುಕೊಳ್ಳುತ್ತಿದ್ದರು. ಉದ್ದೇಶವು ಪುಣ್ಯದ್ದಾದುದರಿಂದ ಮಾರ್ಗವನ್ನು ಪ್ರಶ್ನಿಸುವುದು ಕಠಿಣವಾಯಿತು. ದಾನವನ್ನು ಸ್ವೀಕರಿಸುವ ಕೈಯೂ ಕ್ರಮೇಣ ಯಂತ್ರದ ಮೇಲೆಯೇ ಅವಲಂಬಿಸತೊಡಗಿತು.

ನೋಟುಗಳನ್ನೂ ನುಂಗಬಲ್ಲ ಯಂತ್ರಗಳು ಬಂದ ಮೇಲೆ ಹಾನಿಯು ಬಹಿರಂಗವಾಯಿತು. ಸಾಲ, ಮನೆಯವರಿಗೆ ಸುಳ್ಳು, ಸಂಸಾರಗಳ ಒಡಕು ಇವು ಸಾರ್ವಜನಿಕ ಚರ್ಚೆಯ ವಿಷಯಗಳಾದವು. 2003ರಲ್ಲಿ ನಾರ್ವೆಯ ಸಂಸತ್ತು ಯಂತ್ರಗಳನ್ನು ನಡೆಸುವ ಅಧಿಕಾರವನ್ನು ಸರ್ಕಾರದ ಸ್ವಾಮ್ಯದ 'ನಾರ್ಸ್ಕ್ ಟಿಪ್ಪಿಂಗ್' ಸಂಸ್ಥೆಗೆ ಮಾತ್ರ ವಹಿಸಲು ನಿರ್ಧರಿಸಿತು. ಉದ್ಯಮಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯವು ವರ್ಷಗಟ್ಟಲೆ ನಡೆಯಿತು. 2007ರ ಮಾರ್ಚಿಯಲ್ಲಿ ಎಫ್ಟಾ ನ್ಯಾಯಾಲಯವೂ ಅದೇ ಜೂನಿನಲ್ಲಿ ನಾರ್ವೆಯ ಸರ್ವೋಚ್ಚ ನ್ಯಾಯಾಲಯವೂ ಸರ್ಕಾರದ ಪಕ್ಷದಲ್ಲಿ ತೀರ್ಪಿತ್ತವು.

ಈ ನಡುವೆ 2006ರ ಜುಲೈ 1ರಂದು ಯಂತ್ರಗಳ ನೋಟು ನುಂಗುವ ಬಾಯಿಯನ್ನು ಮುಚ್ಚಿಸಲಾಯಿತು. ಕ್ರಮವು ಚಿಕ್ಕದು, ನಾಣ್ಯಗಳಿಂದ ಆಡಲು ಅಡ್ಡಿಯಿರಲಿಲ್ಲ. ಆದರೂ ಹದಿಹರೆಯದವರು ಯಂತ್ರದ ಮುಂದೆ ನಿಲ್ಲುವುದು ಸುಮಾರು ಐದರಲ್ಲೊಂದು ಪಾಲು ಇಳಿಯಿತೆಂದು ಸಂಶೋಧಕರು ಕಂಡುಕೊಂಡರು. ಮುಂದಿನ ವರ್ಷ, 2007ರ ಜುಲೈ 1ರ ವೇಳೆಗೆ, ಆ ಹಳೆಯ ಯಂತ್ರಗಳೇ ದೇಶದಿಂದ ತೆರವಾದವು. ಒಂದು ಬಾಗಿಲು ಮುಚ್ಚಿದರೆ ಜೂಜುಗಾರನು ಇನ್ನೊಂದನ್ನು ಹುಡುಕಿಕೊಳ್ಳುವನೆಂಬ ವಾದವು ಆಗಲೂ ಇದ್ದಿತು. ಆದರೆ ಬಹುಮಂದಿ ಬೇರೆ ಜೂಜಿಗೆ ಹೋಗಲಿಲ್ಲ. ಸಹಾಯವಾಣಿಗೆ ಬರುವ ಕರೆಗಳೂ ಗಣನೀಯವಾಗಿ ಕಡಿಮೆಯಾದವು. ಎಷ್ಟೋ ಜನರು ಆಡುತ್ತಿದ್ದುದು ಆಡಲೇಬೇಕೆಂಬ ಸಂಕಲ್ಪದಿಂದಲ್ಲ, ಯಂತ್ರವು ದಾರಿಯಲ್ಲಿ ನಿಂತಿದ್ದುದರಿಂದ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅನಂತರ, 2009ರ ವೇಳೆಗೆ, 'ಮಲ್ಟಿಕ್ಸ್' ಎಂಬ ಹೊಸ ಯಂತ್ರಗಳು ಬಂದವು. ಅವುಗಳಿಗೆ ನೋಟೂ ಬೇಡ, ನಾಣ್ಯವೂ ಬೇಡ. ಆಟಗಾರನ ಹೆಸರಿನ ಕಾರ್ಡು ಬೇಕು. ದಿನಕ್ಕೆ 400 ಕ್ರೋನರ್, ತಿಂಗಳಿಗೆ 2,200 ಕ್ರೋನರ್ ನಷ್ಟವಾದೊಡನೆ ಯಂತ್ರವು ತಾನಾಗಿ ನಿಲ್ಲುತ್ತಿತ್ತು. ಒಂದು ಗಂಟೆ ಆಡಿದವನಿಗೆ ಕಡ್ಡಾಯವಾದ ವಿರಾಮವಿತ್ತು. ಬೇಕೆಂದವನು ತನ್ನ ಮಿತಿಯನ್ನು ಇನ್ನಷ್ಟು ತಗ್ಗಿಸಿಕೊಳ್ಳಬಹುದಾಗಿತ್ತು. ದ್ಯೂತಸಭೆಯಲ್ಲಿ ಯಾರೂ ಕೇಳದೆಹೋದ ವಿದುರನ ಮಾತನ್ನು ಇಲ್ಲಿ ಯಂತ್ರದೊಳಗೇ ಇರಿಸಲಾಯಿತು.

ಇಲ್ಲಿಗೆ ಸಮಸ್ಯೆಯು ಮುಗಿಯಿತೆಂದು ಭಾವಿಸಬಾರದು. ಅಂತರ್ಜಾಲದ ಮೂಲಕ ಪರದೇಶಗಳ ಜೂಜು ಮನೆಯೊಳಗೇ ಬಂದಿತು. ಸರ್ಕಾರಿ ಸಂಸ್ಥೆಯೂ ಅಂತರ್ಜಾಲದ ಆಟಗಳನ್ನು ತೆರೆಯಿತು. 2016ರಲ್ಲಿ ತನ್ನ ಆಟಗಳಿಗೆಲ್ಲ ಸೇರಿ ತಿಂಗಳಿಗೆ 20,000 ಕ್ರೋನರಿನ ನಷ್ಟಮಿತಿಯನ್ನು ವಿಧಿಸಿತು. ಚದರಿದ್ದ ಹಳೆಯ ಕಾನೂನುಗಳನ್ನು ಒಂದುಗೂಡಿಸಿದ ಹೊಸ ಕಾನೂನು 2023ರ ಜನವರಿ 1ರಿಂದ ಜಾರಿಗೆ ಬಂದಿತು. ಬೇಲಿಯನ್ನು ಒಮ್ಮೆ ಕಟ್ಟಿದರೆ ಸಾಲದು. ದನ ನುಗ್ಗುವ ಕಂಡಿ ಎಲ್ಲಿದೆಯೆಂದು ಮೇಲಿಂದ ಮೇಲೆ ನೋಡುತ್ತಿರಬೇಕು.

ಸೇವಾಸಂಸ್ಥೆಗಳು ಆ ಬಳಿಕ ಸರ್ಕಾರಿ ಸಂಸ್ಥೆಯ ಲಾಭದಲ್ಲಿ ಪಾಲು ಪಡೆದವು. ಎಂದರೆ ಜೂಜಿನ ಹಣವು ಸತ್ಕಾರ್ಯಕ್ಕೆ ಹರಿಯುವುದು ಪೂರ್ತಿಯಾಗಿ ನಿಲ್ಲಲಿಲ್ಲ. ಆದರೆ ಒಬ್ಬನಿಂದ ಎಷ್ಟು ತೆಗೆದುಕೊಳ್ಳಬಹುದೆಂಬುದಕ್ಕೆ ಒಂದು ಗೆರೆ ಬಿದ್ದಿತು. ವಾಚಕರೆ, ವ್ಯಸನಿಗೆ ಉಪದೇಶ ಮಾಡುವುದು ಸುಲಭ. ವ್ಯಸನದಿಂದ ಬರುವ ಹಣವನ್ನು, ಅದು ಒಳ್ಳೆಯ ಕೆಲಸಕ್ಕೇ ಬರುತ್ತಿದ್ದರೂ, ಬಿಟ್ಟುಕೊಡುವುದು ಕಷ್ಟ. ದೇಣಿಗೆಯ ಬಲದಿಂದ ನಡೆಯುವ ಪ್ರತಿಯೊಂದು ಸಂಸ್ಥೆಯೂ ಹಣವು ಎಷ್ಟು ಬಂದಿತೆಂದು ಎಣಿಸುವ ಮೊದಲು ಅದು ಯಾರ ಮನೆಯ ಒಲೆಯನ್ನು ಆರಿಸಿ ಬಂದಿತೆಂದು ಕೇಳಿಕೊಳ್ಳುವುದು ಉಚಿತವಾಗಿದೆ.